ಓದದೆ ಹಾಕಿದ ಸಹಿ

ಕಳೆದ ಶ್ರಾವಣದ ಒಂದು ಸಂಜೆ. ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆ. ನಾಲ್ವರು ತರುಣರು ಒಳಬಂದರು. ಅವರಲ್ಲಿ ಒಬ್ಬನು ನನ್ನ ಮೊಮ್ಮಗ. ಉಳಿದವರು ಅವನ ಗೆಳೆಯರು. ಎಲ್ಲರೂ ನಮ್ಮ ಸಮಾಜದ ಮನೆಗಳ ಮಕ್ಕಳು, ಓದಿದವರು, ಮಠದ ದಾಸೋಹದಲ್ಲಿ ಸೊಂಟ ಕಟ್ಟಿ ನಿಂತು ಬಡಿಸುವವರು. ಅವರ ಕೈಯಲ್ಲಿ ಜಿಲ್ಲಾಧಿಕಾರಿಗಳಿಗೆ ಬರೆದ ಒಂದು ಮನವಿಪತ್ರವಿತ್ತು. ಯಾವುದೋ ಕಾಲೇಜಿನ ಅಧ್ಯಾಪಕರೊಬ್ಬರು ಶರಣರ ಕುರಿತು ಲೇಖನವೊಂದನ್ನು ಬರೆದಿದ್ದಾರೆಂದೂ, ಅದರಿಂದ ಸಮಾಜದ ಭಾವನೆಗಳಿಗೆ ಧಕ್ಕೆಯುಂಟಾಗಿದೆಯೆಂದೂ, ಅವರ ಮೇಲೆ ಮೊಕದ್ದಮೆ ಹೂಡಿ ಲೇಖನವನ್ನು ಮುಟ್ಟುಗೋಲು ಹಾಕಬೇಕೆಂದೂ ಅದರಲ್ಲಿ ಬರೆದಿತ್ತು.

"ಅಜ್ಜಾರ, ಮೊದಲ್ನೇ ಸಹಿ ನಿಮ್ದ ಆಗ್ಬೇಕ್ರಿ. ನೀವು ಕೋರ್ಟಿನ್ಯಾಗ ಇದ್ದವ್ರು" ಎಂದು ಅವರಲ್ಲಿ ಹಿರಿಯನಾದವನು ಲೇಖನಿಯನ್ನು ಮುಂದೆ ಚಾಚಿದ.

"ಆ ಲೇಖನಾ ಓದೀರೇನ್ರಪಾ?" ಎಂದು ಕೇಳಿದೆ.

"ಫೋನಿನ್ಯಾಗ ಎರಡು ಸಾಲಿಂದು ಫೋಟೋ ಬಂದೈತ್ರಿ. ಅಷ್ಟ ಸಾಕಲ್ರಿ?"

ನಾಳೆ ಹೇಳುತ್ತೇನೆಂದು ಕಾಗದವನ್ನು ಇಟ್ಟುಕೊಂಡು ಅವರನ್ನು ಕಳುಹಿಸಿದೆ. ಮೊಮ್ಮಗನ ಮುಖ ಸಣ್ಣದಾಯಿತು. ಗೆಳೆಯರ ಮುಂದೆ ಅಜ್ಜ ಹಿಂಜರಿದನಲ್ಲ ಎಂಬ ಬೇಸರ ಅವನಿಗೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಿದ್ರೆಗೆಡಿಸಿದ್ದು ಮುಂದಿದ್ದ ಕಾಗದಕ್ಕಿಂತ ಹೆಚ್ಚಾಗಿ, ಬಹಳ ವರ್ಷಗಳ ಹಿಂದೆ ಸಹಿ ಮಾಡಿದ್ದ ಇನ್ನೊಂದು ಕಾಗದ.

ಅದು 1989ನೆಯ ಇಸವಿ. ನನಗಾಗ ಮೂವತ್ತನಾಲ್ಕು ವರ್ಷ. ತಾಲ್ಲೂಕು ನ್ಯಾಯಾಲಯವೊಂದರಲ್ಲಿ ಗುಮಾಸ್ತನಾಗಿದ್ದೆ. ಡಾ. ಎಂ. ಎಂ. ಕಲಬುರ್ಗಿಯವರ 'ಮಾರ್ಗ' ಗ್ರಂಥದಲ್ಲಿ ಚೆನ್ನಬಸವಣ್ಣನವರ ಜನನ ಹಾಗೂ ನೀಲಾಂಬಿಕೆಯವರ ವಿಷಯವಾಗಿ ಬಂದಿದ್ದ ಬರಹಗಳಿಂದ ಸಮಾಜವು ಕುದಿಯುತ್ತಿದ್ದ ಕಾಲ. ಓಣಿಯಲ್ಲಿ ಒಂದು ಪ್ರತಿಭಟನಾಪತ್ರ ಬಂದಿತು. ಹಿರಿಯರು ಸಹಿ ಮಾಡಿದ್ದರು, ನಾನೂ ಮಾಡಿದೆ. ಸರ್ಕಾರಿ ನೌಕರನಾದವನು ಇಂಥವಕ್ಕೆ ಕೈಹಾಕುವ ಮುನ್ನ ಯೋಚಿಸಬೇಕೆಂಬ ಪರಿವೆಯೂ ಆಗ ನನಗಿರಲಿಲ್ಲ. ಪುಸ್ತಕವನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ. ಒತ್ತಡಕ್ಕೆ ಸಿಲುಕಿದ ಆ ವಿದ್ವಾಂಸರು ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಂಡರೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ, ಏನೋ ಒಂದು ಪುಣ್ಯಕಾರ್ಯದಲ್ಲಿ ಪಾಲ್ಗೊಂಡೆನೆಂಬ ತೃಪ್ತಿಯಿಂದ ಊಟ ಮಾಡಿದ್ದೆ.

ಎರಡು ವರ್ಷಗಳ ತರುವಾಯ ಗ್ರಂಥಾಲಯದಿಂದ ಆ ಸಂಪುಟವನ್ನು ತಂದು ಓದಿದೆ. ಶಾಸನ, ಹಸ್ತಪ್ರತಿ, ಪಾಠಾಂತರಗಳನ್ನು ಒಂದರ ಪಕ್ಕ ಒಂದಿಟ್ಟು ನಡೆಸಿದ ವಿಚಾರ ಅದಾಗಿತ್ತು. ಕೆಲವು ಊಹೆಗಳನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಅಲ್ಲಿ ದ್ವೇಷವಿರಲಿಲ್ಲ. ಶರಣರನ್ನು ಹೀಗಳೆಯಬೇಕೆಂಬ ಮನಸ್ಸಿನವನು ಮುಂದೆ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕತ್ವವನ್ನು ಹೊತ್ತು ಅಷ್ಟು ದುಡಿಯುತ್ತಿದ್ದನೆ?

2015ರ ಮೇ ತಿಂಗಳಲ್ಲಿ ನಾನು ಶಿರಸ್ತೇದಾರನಾಗಿ ನಿವೃತ್ತನಾದೆ. ಅದೇ ವರ್ಷದ ಆಗಸ್ಟ್ 30ರ ಮುಂಜಾನೆ ಧಾರವಾಡದ ಕಲ್ಯಾಣನಗರದ ಅವರ ಮನೆಯಲ್ಲಿಯೇ ಅವರಿಗೆ ಗುಂಡಿಕ್ಕಿದರು. ಕೊಂದವರಾರು, ಏಕೆ ಕೊಂದರು ಎಂಬುದು ನ್ಯಾಯಾಲಯವು ನಿರ್ಣಯಿಸತಕ್ಕ ಸಂಗತಿ. 1989ರ ಕಾಗದಕ್ಕೂ 2015ರ ಗುಂಡಿಗೂ ನೇರ ಸಂಬಂಧ ಕಲ್ಪಿಸುವಷ್ಟು ಅವಿವೇಕಿ ನಾನಲ್ಲ. ಆದರೂ ಆ ದಿನ ದೂರದರ್ಶನದ ಮುಂದೆ ಕುಳಿತಾಗ ನನ್ನ ಬಲಗೈ ನನಗೇ ಭಾರವೆನಿಸಿತು. ಬರೆದವನ ಬಾಯಿ ಮುಚ್ಚಿಸಬಹುದೆಂಬ ಪಾಠವನ್ನು ಈ ನಾಡು ಎಲ್ಲಿಂದಲೋ ಕಲಿತಿತ್ತು. ಕಲಿಸಿದ ಸಾವಿರಾರು ಜನರಲ್ಲಿ ನಾನೂ ಒಬ್ಬ.

ಇನ್ನೊಂದು ನೆನಪನ್ನೂ ಇಲ್ಲಿ ಹೇಳಲೇಬೇಕು. ಇದು ನಾನು ಸಹಿ ಮಾಡಬೇಕಾಗಿದ್ದು ಮಾಡದೆ ಉಳಿದ ಸಂಗತಿ.

2022ರಲ್ಲಿ ಕರ್ನಾಟಕದ ಅನೇಕ ಕಡೆ ಜಾತ್ರೆ ಉತ್ಸವಗಳಲ್ಲಿ ಅನ್ಯಮತೀಯ ವ್ಯಾಪಾರಿಗಳಿಗೆ ಜಾಗ ಕೊಡಬಾರದೆಂಬ ಕೂಗು ಎದ್ದುದು ಓದುಗರಿಗೆ ನೆನಪಿರಬಹುದು. ಆ ವರ್ಷದ ಏಪ್ರಿಲ್‌ನಲ್ಲಿ ಧಾರವಾಡದ ಸಮೀಪದ ನುಗ್ಗಿಕೇರಿ ಹನುಮಂತ ದೇವರ ಗುಡಿಯ ಆವರಣದಲ್ಲಿ ಮುಸಲ್ಮಾನ ವ್ಯಾಪಾರಿಯೊಬ್ಬನ ಕಲ್ಲಂಗಡಿ ಹಣ್ಣುಗಳನ್ನು ಒಡೆದು ಚೆಲ್ಲಿದರು. ನಮ್ಮೂರಿನಲ್ಲಿ ಹಣ್ಣು ಒಡೆಯಲಿಲ್ಲ. ಮಾತಿನಲ್ಲಿಯೇ ಕೆಲಸ ಮುಗಿಯಿತು. ಜಾತ್ರೆಗೆ ನಾಲ್ಕು ದಿನವಿರುವಾಗ ಹೊರಗಿನಿಂದ ಬಂದ ಭಾಷಣಕಾರನೊಬ್ಬನು ಬಸ್‌ನಿಲ್ದಾಣದ ಎದುರು ಧ್ವನಿವರ್ಧಕದಲ್ಲಿ ಒಂದು ತಾಸು ಮಾತನಾಡಿದ. ಒಂದು ಸಮುದಾಯದವರನ್ನು ಹುಳುಗಳಿಗೆ ಹೋಲಿಸಿದ. ಅವರ ಅಂಗಡಿ ಹಾಕಗೊಡಬೇಡಿ, ಹಾಕಿದರೆ ಏನು ಮಾಡಬೇಕೆಂಬುದು ನಿಮಗೆ ಗೊತ್ತಿದೆ ಎಂದ. ವೇದಿಕೆಯ ಕೆಳಗೆ ಪೊಲೀಸರು ನಿಂತಿದ್ದರು. ನಾನೂ ಔಷಧ ಅಂಗಡಿಯ ಕಟ್ಟೆಯ ಮೇಲೆ ನಿಂತು ಪೂರ್ತಿ ಕೇಳಿದೆ.

ನಮ್ಮ ಜಾತ್ರೆಯಲ್ಲಿ ರಥಬೀದಿಯ ತಿರುವಿನ ಬೇವಿನ ಮರದ ಕೆಳಗೆ ಒಂದು ಬಳೆಯ ಅಂಗಡಿ ಹಾಕುತ್ತಿದ್ದರು. ಅವರ ತಂದೆಯ ಕಾಲದಿಂದಲೂ ಅದೇ ಜಾಗ. ನನ್ನ ಶ್ರೀಮತಿಯ ಮದುವೆಯ ಹಸಿರು ಬಳೆಗಳನ್ನು ತೊಡಿಸಿದವರು ಅವರೇ. ನನ್ನ ಮಗಳ ಸೀಮಂತಕ್ಕೂ ಅವರೇ ಮನೆಗೆ ಬಂದು ಬಳೆ ಇಟ್ಟಿದ್ದರು. ಮನೆಮಂದಿಯೆಲ್ಲ ಅವರನ್ನು ಬಳೆಗಾರ ಮಾಮಾ ಎಂದೇ ಕರೆಯುತ್ತಿದ್ದರು. ಆ ವರ್ಷ ಬೇವಿನ ಮರದ ಕೆಳಗೆ ಯಾರೂ ಬರಲಿಲ್ಲ. ಯಾರೂ ಅವರನ್ನು ಹೊಡೆಯಲಿಲ್ಲ. ಅವರೇ ಬರಲಿಲ್ಲ, ಅಷ್ಟೆ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಡತಗಳ ನಡುವೆ ಬದುಕಿದವನು. ಆ ಭಾಷಣವು ಭಾರತ ದಂಡಸಂಹಿತೆಯ 153ಎ ಕಲಮಿಗೆ ಸಲ್ಲುವಂತಹದೆಂದು ಅಲ್ಲಿ ನಿಂತಾಗಲೇ ನನಗೆ ಹೊಳೆದಿತ್ತು. ಆದರೂ ಠಾಣೆಗೆ ಹೋಗಿ ಒಂದು ದೂರು ಬರೆದುಕೊಡಲಿಲ್ಲ. ಓದದ ಪುಸ್ತಕಕ್ಕೆ ಸಹಿ ಮಾಡಿದ ಕೈ, ಕಿವಿಯಾರೆ ಕೇಳಿದ ಮಾತಿಗೆ ಏಳಲಿಲ್ಲ.

ಈ ಎರಡು ಸಂಗತಿಗಳನ್ನು ಎದುರುಬದುರು ಇಟ್ಟುಕೊಂಡು ನೋಡಿದಾಗ, ಪ್ರಜಾಪ್ರಭುತ್ವದ ಸರ್ಕಾರವು ಮಾತಿನ ವಿಷಯದಲ್ಲಿ ಎಲ್ಲಿ ಕೈಹಾಕಬೇಕು, ಎಲ್ಲಿ ಹಾಕಬಾರದು ಎಂಬ ಪ್ರಶ್ನೆ ನನಗೆ ಕೇವಲ ಕಾನೂನಿನ ಪ್ರಶ್ನೆಯಾಗಿ ಉಳಿಯಲಿಲ್ಲ.

ನಮ್ಮ ಸಂವಿಧಾನದ 19ನೆಯ ವಿಧಿಯು ವಾಕ್ ಸ್ವಾತಂತ್ರ್ಯವನ್ನು ಕೊಟ್ಟು, ಅದರ ಎರಡನೆಯ ಉಪವಿಧಿಯಲ್ಲಿ ಮಿತಿಗಳನ್ನು ಹೇಳಿದೆ. ಅವುಗಳಲ್ಲಿ 'ಸಾರ್ವಜನಿಕ ಸುವ್ಯವಸ್ಥೆ', 'ಅಪರಾಧಕ್ಕೆ ಪ್ರಚೋದನೆ' ಎಂಬ ಮಾತುಗಳು ಮೊದಲಿಗೆ ಇರಲಿಲ್ಲ; 1951ರ ಮೊದಲನೆಯ ತಿದ್ದುಪಡಿಯಿಂದ ಬಂದವು. ಅದೇ ತಿದ್ದುಪಡಿ ನಿರ್ಬಂಧವು 'ಯುಕ್ತ'ವಾಗಿರಬೇಕೆಂಬ ಪದವನ್ನೂ ಸೇರಿಸಿತು. ಇನ್ನು ಧರ್ಮನಿಂದೆಯ 295ಎ ಕಲಮು ಬ್ರಿಟಿಷರು 1927ರಲ್ಲಿ ಮಾಡಿದ್ದು. ಲಾಹೋರಿನಲ್ಲಿ ಪ್ರವಾದಿಯವರನ್ನು ಕುರಿತು ಪ್ರಕಟವಾದ ಒಂದು ಪುಸ್ತಕದ ಪ್ರಕಾಶಕನನ್ನು ಅಲ್ಲಿಯ ಉಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು, ಗಲಭೆಯೆದ್ದಿತು, ಕಾಯ್ದೆ ಬಂದಿತು. ಕಾಯ್ದೆ ಬಂದರೂ 1929ರಲ್ಲಿ ಆ ಪ್ರಕಾಶಕನ ಕೊಲೆ ತಪ್ಪಲಿಲ್ಲ. 1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಎತ್ತಿಹಿಡಿಯುವಾಗ, ಉದ್ದೇಶಪೂರ್ವಕವೂ ದ್ವೇಷಮೂಲವೂ ಆದ ಉಗ್ರ ಅಪಮಾನಕ್ಕೆ ಮಾತ್ರ ಇದು ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿತು. ಅರಿಯದೆ ಆದ ನೋವಿಗೆ ಇದು ಮದ್ದಲ್ಲವೆಂದು ಅದರ ತಾತ್ಪರ್ಯ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಎರಡೂ ಕಲಮುಗಳು 196 ಮತ್ತು 299 ಎಂಬ ಹೊಸ ಸಂಖ್ಯೆ ಪಡೆದು ಮುಂದುವರಿದಿವೆ.

ಒಂದು ಕಾಕತಾಳೀಯವು ನನ್ನನ್ನು ಬಹುವಾಗಿ ಕಾಡುತ್ತದೆ. ನಾನು ಆ ಕಾಗದಕ್ಕೆ ಸಹಿ ಹಾಕಿದ 1989ರಲ್ಲಿಯೇ, ಮಾರ್ಚ್ ತಿಂಗಳಲ್ಲಿ, ಮೀಸಲಾತಿಯ ವಿಷಯವುಳ್ಳ ತಮಿಳು ಚಲನಚಿತ್ರವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತ್ತು. ಮೆರವಣಿಗೆ ಮಾಡುತ್ತೇವೆ, ಗಲಾಟೆ ಮಾಡುತ್ತೇವೆ ಎಂಬ ಬೆದರಿಕೆಗೆ ಮಣಿದು ಮಾತನ್ನು ಅದುಮುವುದು ಸಲ್ಲದು. ಸಿಟ್ಟಿಗೆದ್ದ ಗುಂಪನ್ನು ನಿಭಾಯಿಸಲಾರೆನೆಂದು ಸರ್ಕಾರ ಕೈಚೆಲ್ಲುವಂತಿಲ್ಲ. ಮಾತಿಗೂ ಅಪಾಯಕ್ಕೂ ನಡುವಿನ ನಂಟು ಮದ್ದಿನ ಪೀಪಾಯಿಗೆ ಬೀಳುವ ಕಿಡಿಯಷ್ಟು ಸಮೀಪದ್ದಾಗಿರಬೇಕು ಎಂಬುದು ಅದರ ಸಾರಾಂಶ. ರಂಗರಾಜನ್ ಪ್ರಕರಣವೆಂದು ವಕೀಲರೆಲ್ಲ ಬಲ್ಲರು. ಆ ತೀರ್ಪಿನ ಪ್ರತಿ ನಮ್ಮ ನ್ಯಾಯಾಲಯದ ಕಪಾಟಿಗೂ ಬಂದಿತ್ತು. ಅದರ ಬೆನ್ನಿಗೆ ನಂಬರು ಅಂಟಿಸಿ ಒಳಗಿಟ್ಟವನೂ ನಾನೇ.

ನೋಯಿಸುವ ಮಾತು ಬೇರೆ, ನೋಯಿಸಿರೆಂದು ಜನರನ್ನು ಹೊರಡಿಸುವ ಮಾತು ಬೇರೆ. ಮೊದಲನೆಯದಕ್ಕೆ ಕೇಳುಗನ ಬಳಿ ಉತ್ತರವಿರುತ್ತದೆ. ಎರಡನೆಯದಕ್ಕೆ ಬಲಿಯಾಗುವವನ ಬಳಿ ಉತ್ತರ ಕೊಡುವಷ್ಟು ಸಮಯವೂ ಇರುವುದಿಲ್ಲ. 2015ರ ಮಾರ್ಚಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಮಾಡುವಾಗ ಸರ್ವೋಚ್ಚ ನ್ಯಾಯಾಲಯವು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಮೆಟ್ಟಿಲುಗಳನ್ನು ಗುರುತಿಸಿ, ಮೂರನೆಯದನ್ನು ಮುಟ್ಟಿದಾಗ ಮಾತ್ರ ಕಾನೂನು ಏಳಬೇಕೆಂದುದು ಈ ಅರ್ಥದಲ್ಲಿಯೇ.

ಶರಣ ಬಂಧುಗಳೇ, ಇದು ನಮಗೆ ಪರಕೀಯವಾದ ವಿಚಾರವೇನೂ ಅಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬರುವ ಪ್ರಸಂಗವನ್ನು ನೆನೆಯಿರಿ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅವರು ಬರಿಯ ಮಣ್ಣು ಹೊರುವವನೆಂಬಂತೆ ಹೀಗಳೆದು ಕೇಳುತ್ತಾರೆ. ಅಲ್ಲಿದ್ದ ಭಕ್ತರ ಭಾವನೆಗೆ ಅದಕ್ಕಿಂತ ಹೆಚ್ಚಿನ ಧಕ್ಕೆ ಬೇರೆ ಯಾವುದು? ಅವರು ಕಲ್ಲು ತೂರುತ್ತಾರೆ. ಸಿದ್ಧರಾಮನೂ ಕೋಪದಿಂದಲೇ ಬರುತ್ತಾನೆ. ಆದರೆ ಕಡೆಗೆ ಅಲ್ಲಿ ನಡೆಯುವುದು ಮಾತುಕತೆ. ಆ ಮಾತುಕತೆಯ ಫಲವಾಗಿ ಸಿದ್ಧರಾಮನು ಕಲ್ಯಾಣಕ್ಕೆ ಹೊರಡುತ್ತಾನೆ. ಅಂದು ಸೊನ್ನಲಿಗೆಯಲ್ಲಿ ಒಂದು ಠಾಣೆಯಿದ್ದು, ಭಕ್ತರು ಕಲ್ಲಿನ ಬದಲು ಮನವಿಪತ್ರ ಹಿಡಿದಿದ್ದರೆ, ಪ್ರಭುಗಳು ಕಟಕಟೆಯಲ್ಲಿ ನಿಲ್ಲುತ್ತಿದ್ದರು. ಕಲ್ಲು ತೂರಿದವರು ನೊಂದ ಫಿರ್ಯಾದಿಗಳಾಗುತ್ತಿದ್ದರು.

ಇದಕ್ಕೆ ಎದುರಾಗಿ ಕಲ್ಯಾಣದ ಕೊನೆಯ ದಿನಗಳಿವೆ. ಹರಳಯ್ಯ ಮಧುವರಸರ ಮಕ್ಕಳ ಮದುವೆಯ ಸುದ್ದಿಯನ್ನು ಬಿಜ್ಜಳನ ಕಿವಿಗೆ ಬಗೆಬಗೆಯಾಗಿ ಊದಿದವರೂ ತಮ್ಮ ಧರ್ಮಕ್ಕೆ ಅಪಚಾರವಾಯಿತೆಂದೇ ಹೇಳಿಕೊಂಡರು. ಪರಂಪರೆಯು ಹೇಳುವಂತೆ ಅರಸನು ಆ ಕಡೆಯವರ ಮಾತನ್ನಷ್ಟೇ ಕೇಳಿ ಎಳೆಹೂಟೆಯ ಶಿಕ್ಷೆ ಕೊಟ್ಟನು. ಬಹುಮಂದಿಯ ನೊಂದ ಭಾವನೆಗೆ ಅರಸು ತನ್ನ ಖಡ್ಗವನ್ನು ಎರವಲು ಕೊಟ್ಟರೆ ಆಗುವುದೇನೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಸಮಾಜ ನಮ್ಮದು.

ಆದರೂ ನಾವು ಆ ಖಡ್ಗವನ್ನು ಕೇಳಿದ್ದೇವೆ, ಪಡೆದೂ ಇದ್ದೇವೆ. ಅಕ್ಕನಾಗಮ್ಮನವರ ಚಿತ್ರಣದ ಕಾರಣವಾಗಿ 'ಧರ್ಮಕಾರಣ' ಕಾದಂಬರಿಯನ್ನು ರಾಜ್ಯ ಸರ್ಕಾರವು ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಮುಟ್ಟುಗೋಲು ಹಾಕಿಕೊಂಡಿತು; ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಅದನ್ನು ಎತ್ತಿಹಿಡಿಯಿತು. ಬಸವಣ್ಣನವರ ವಚನಾಂಕಿತವನ್ನು ಬದಲಿಸಿದ 'ಬಸವ ವಚನ ದೀಪ್ತಿ'ಗೆ 1998ರಲ್ಲಿ ನಿಷೇಧ ಬಂದಿತು. ಅದನ್ನೂ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿಯಿತು. ನ್ಯಾಯಾಲಯದ ತೀರ್ಪಿಗೆ ನಾನು ತಲೆಬಾಗುತ್ತೇನೆ. ಅಂಕಿತವನ್ನು ತಿದ್ದಿದ್ದು ತಪ್ಪೆಂಬ ಅಭಿಪ್ರಾಯವೂ ನನ್ನದೇ. ಆದರೆ ತಪ್ಪು ಪಾಠವನ್ನು ತಪ್ಪೆಂದು ತೋರಿಸಲು ಸರಿಯಾದ ಪಾಠವಿರುವ ಸಂಪುಟಗಳು ನಮ್ಮ ಮನೆಮನೆಯಲ್ಲಿರುವಾಗ ಸರ್ಕಾರದ ಗೆಜೆಟ್ಟಿನ ಅವಶ್ಯಕತೆ ಏನಿತ್ತು? ಮುಟ್ಟುಗೋಲಿನ ಅಧಿಕಾರ ಒಂದು ಸಲ ರೂಢಿಗೆ ಬಿದ್ದರೆ, ಅದು ಇಂದು ನಮ್ಮ ಮನವಿಗೆ ಓಗೊಟ್ಟಂತೆ ನಾಳೆ ನಮ್ಮ ವಿರುದ್ಧದ ಮನವಿಗೂ ಓಗೊಡುತ್ತದೆ. ವೇದಾಗಮಗಳನ್ನು, ಯಜ್ಞಗಳನ್ನು, ಜಾತಿಯ ಹಿರಿಮೆಯನ್ನು ನಮ್ಮ ಶರಣರು ಯಾವ ಮಾತುಗಳಲ್ಲಿ ಖಂಡಿಸಿದ್ದಾರೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸರ್ಕಾರ ಸುಮ್ಮನಿರಬೇಕೇ? ಸುಮ್ಮನಿದ್ದರೆ ಏನಾಗುತ್ತದೆಂಬುದಕ್ಕೆ ಆಫ್ರಿಕದ ರುವಾಂಡ ದೇಶವಿದೆ. ಅಲ್ಲಿ 1993ರಲ್ಲಿ ಆರಂಭವಾದ ಖಾಸಗಿ ಬಾನುಲಿ ಕೇಂದ್ರವೊಂದು ಹಾಡು, ಹಾಸ್ಯಗಳ ನಡುನಡುವೆ ತುತ್ಸಿ ಜನರನ್ನು ಜಿರಲೆಗಳೆಂದು ಕರೆಯುತ್ತ ಹೋಯಿತು. 1994ರ ಏಪ್ರಿಲ್‌ನಲ್ಲಿ ಕೊಲೆ ಆರಂಭವಾದಾಗ ಅದೇ ಬಾನುಲಿ ಯಾರು ಎಲ್ಲಿ ಅಡಗಿದ್ದಾರೆಂದು ಹೆಸರು ಹಿಡಿದು ಓದಿತು. ಸುಮಾರು ನೂರು ದಿನಗಳಲ್ಲಿ ಸತ್ತವರು ಲಕ್ಷಾಂತರ. ಆ ಬಾನುಲಿಯ ಹಿಂದಿದ್ದವರಿಗೆ ಅಂತಾರಾಷ್ಟ್ರೀಯ ನ್ಯಾಯಮಂಡಳಿಯು 2003ರಲ್ಲಿ ಶಿಕ್ಷೆ ವಿಧಿಸಿತು. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ತರುವಾಯ ಬಂದ ಸರ್ಕಾರವು ಅಂತಹ ಮಾತು ಮರುಕಳಿಸಬಾರದೆಂದು ಬಹು ವಿಸ್ತಾರವಾದ ಕಾಯ್ದೆಗಳನ್ನು ಮಾಡಿತು. ಅವುಗಳ ಅಡಿಯಲ್ಲಿ ಪತ್ರಕರ್ತರೂ ವಿರೋಧಪಕ್ಷದವರೂ ಸೆರೆಮನೆ ಸೇರಿದರು. ಅಳತೆ ತಪ್ಪಿದ ಮೌನದಿಂದ ಒಂದು ಕೇಡು, ಅಳತೆ ತಪ್ಪಿದ ಕಾನೂನಿನಿಂದ ಇನ್ನೊಂದು. ಎರಡೂ ಒಂದೇ ದೇಶದಲ್ಲಿ, ಒಂದೇ ತಲೆಮಾರಿನವರ ಕಣ್ಣಮುಂದೆ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ ಎಂಬುದು ನನ್ನ ಅನುಭವ. 2017ರಲ್ಲಿ ಕಾನೂನು ಆಯೋಗವು ತನ್ನ 267ನೆಯ ವರದಿಯಲ್ಲಿ ಹೊಸ ಕಲಮುಗಳನ್ನು ಸೂಚಿಸಿತು. 2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕದ ಉಭಯ ಸದನಗಳು ದ್ವೇಷ ಭಾಷಣದ ವಿರುದ್ಧ ಪ್ರತ್ಯೇಕ ಮಸೂದೆಯನ್ನೇ ಅಂಗೀಕರಿಸಿದವು. ಉದ್ದೇಶ ಒಳ್ಳೆಯದಿರಬಹುದು. ಆದರೆ ಶಿಕ್ಷೆಯ ವರ್ಷಗಳನ್ನು ಹೆಚ್ಚಿಸಿದ ಮಾತ್ರಕ್ಕೆ ನನ್ನಂತಹ ಶಿರಸ್ತೇದಾರನ ಮೇಜಿನ ಮೇಲಿನ ಕಡತ ಓಡುವುದಿಲ್ಲ. ನಾನು ಕಂಡುದನ್ನು ಹೇಳುತ್ತೇನೆ. 153ಎ ಅಥವಾ 295ಎ ಪ್ರಕರಣದಲ್ಲಿ ನ್ಯಾಯಾಲಯವು ಸಂಜ್ಞೇಯತೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಈ ನಿಯಮ ಒಳ್ಳೆಯದೇ; ಕಂಡಕಂಡವರ ಮೇಲೆ ಸುಳ್ಳು ಮೊಕದ್ದಮೆ ಹೂಡದಂತೆ ಅದೊಂದು ಬೇಲಿ. ಆದರೆ ಬಲ್ಲಿದನಾದ ಭಾಷಣಕಾರನ ಕಡತವು ಆ ಅನುಮತಿಗಾಗಿ ವರ್ಷಗಟ್ಟಲೆ ಕಾಯುತ್ತ ಬಿದ್ದಿರುತ್ತಿತ್ತು. ಅಷ್ಟರಲ್ಲಿ ಚುನಾವಣೆ ಬರುವುದು, ಸರ್ಕಾರ ಬದಲಾಗುವುದು, ಮೊಕದ್ದಮೆ ಹಿಂತೆಗೆದುಕೊಳ್ಳಲು ಅರ್ಜಿ ಬರುವುದು. ಯಾವ ಪಕ್ಷದವರೂ ಇದಕ್ಕೆ ಹೊರತಲ್ಲ. ಅತ್ತ ಒಬ್ಬ ಬಡ ಪತ್ರಕರ್ತನೋ ವಿದ್ಯಾರ್ಥಿಯೋ ಆಗಿದ್ದರೆ ಬಂಧನವು ರಾತ್ರಿಯೇ ಆಗುವುದು. ಅವನು ಕೊನೆಗೆ ಬಿಡುಗಡೆಯಾದರೂ ತಾರೀಖಿನಿಂದ ತಾರೀಖಿಗೆ ಬಸ್ಸಿನಲ್ಲಿ ಅಲೆದದ್ದೇ ಅವನ ಶಿಕ್ಷೆ.

2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ದ್ವೇಷ ಭಾಷಣ ನಡೆದರೆ ಯಾರ ದೂರಿಗೂ ಕಾಯದೆ, ಮಾತನಾಡಿದವನ ಧರ್ಮ ಯಾವುದೆಂದು ನೋಡದೆ, ತಾವಾಗಿಯೇ ಪ್ರಕರಣ ದಾಖಲಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯವು ಸಂಸದರೊಬ್ಬರು ಹಂಚಿಕೊಂಡ ಕವಿತೆಯ ಮೇಲಿನ ಪ್ರಕರಣವನ್ನು ರದ್ದುಪಡಿಸಿ, ಮಾತಿನ ಪರಿಣಾಮವನ್ನು ದೃಢಚಿತ್ತದ, ವಿವೇಕಿಯಾದ ಮನುಷ್ಯನ ಅಳತೆಯಿಂದ ನೋಡಬೇಕೇ ಹೊರತು, ಪ್ರತಿ ಟೀಕೆಯಲ್ಲಿಯೂ ಅಪಾಯ ಕಾಣುವ ಅಳ್ಳೆದೆಯವನ ಅಳತೆಯಿಂದಲ್ಲ ಎಂಬ ಹಳೆಯ ಸೂತ್ರವನ್ನು ಮತ್ತೆ ನೆನಪಿಸಿತು. ಈ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ಪೊಲೀಸ್ ಅಧಿಕಾರಿ ಬೇಕು. ಧ್ವನಿವರ್ಧಕದ ಮುಂದೆ ಅವನು ಚುರುಕಾಗಿರಬೇಕು, ಪುಸ್ತಕದ ಮುಂದೆ ನಿಧಾನಿಯಾಗಿರಬೇಕು. ನಾನು ಕಂಡ ಬಹುಪಾಲು ಠಾಣೆಗಳಲ್ಲಿ ಇದು ತಿರುವುಮುರುವಾಗಿತ್ತು.

ಸರ್ಕಾರದ ಕೈಯಲ್ಲಿ ಸೆರೆಮನೆಯ ಕೀಲಿಯೊಂದೇ ಇರುವುದಲ್ಲ. ನಮ್ಮೂರಿನ ಆ ಭಾಷಣದ ಮರುದಿನವೇ ತಹಶೀಲ್ದಾರರು ಬೇವಿನ ಮರದ ಕೆಳಗೆ ಬಂದು ನಿಂತು, ಬಳೆಗಾರರನ್ನು ಕರೆಸಿ ಅದೇ ಜಾಗದಲ್ಲಿ ಅಂಗಡಿ ಹಾಕಿಸಿ, ಇಬ್ಬರು ಪೇದೆಗಳನ್ನು ಜಾತ್ರೆ ಮುಗಿಯುವವರೆಗೆ ನಿಲ್ಲಿಸಿದ್ದರೆ, ಆ ಒಂದು ತಾಸಿನ ಭಾಷಣ ಅಲ್ಲಿಯೇ ಒಣಗಿಹೋಗುತ್ತಿತ್ತು. ನಮ್ಮ ಕ್ಷೇತ್ರದ ಜನಪ್ರತಿನಿಧಿಗಳು ಬಂದು ಎರಡು ಡಜನ್ ಬಳೆ ಕೊಂಡಿದ್ದರೂ ಸಾಕಾಗಿತ್ತು. ಹುಳುವೆಂದು ಕರೆಸಿಕೊಂಡವನಿಗೆ, ನೀನು ಈ ಊರಿನವನು ಎಂದು ಅಧಿಕಾರದ ಕುರ್ಚಿಯಿಂದಲೇ ಒಂದು ಮಾತು ಬರಬೇಕು. ಅಪಮಾನವು ಇನ್ನೂ ಪ್ರಚೋದನೆಯ ಮೆಟ್ಟಿಲನ್ನು ಮುಟ್ಟದಿರುವಾಗ, ದಂಡ ಎತ್ತುವುದು ಆತುರವಾದೀತೆಂಬ ಸ್ಥಿತಿಯಲ್ಲಿ, ಸರ್ಕಾರ ಮಾಡಬಹುದಾದ ಕೆಲಸವಿದು. ನಾವು ಸಮಾಜದವರಾದರೂ ಮಾಡಬಹುದಿತ್ತು. ಜಾತ್ರಾ ಸಮಿತಿಯಲ್ಲಿ ಆ ವರ್ಷ ನಾನೂ ಒಬ್ಬ ಸದಸ್ಯನಾಗಿದ್ದೆ.

ಮರುದಿನ ಸಂಜೆ ತರುಣರು ಮತ್ತೆ ಬಂದರು. ಅಷ್ಟರಲ್ಲಿ ಪರಿಚಯದ ಗ್ರಂಥಪಾಲಕರಿಂದ ಆ ಅಧ್ಯಾಪಕರ ಪೂರ್ಣ ಲೇಖನವನ್ನು ತರಿಸಿಟ್ಟಿದ್ದೆ. ಹನ್ನೊಂದು ಪುಟ. ಮೊಮ್ಮಗನೇ ಗಟ್ಟಿಯಾಗಿ ಓದಿದ, ಉಳಿದವರು ಕೇಳಿದರು, ನಡುವೆ ನನ್ನ ಶ್ರೀಮತಿ ಎರಡು ಸಲ ಚಹಾ ಕೊಟ್ಟರು. ಫೋನಿನಲ್ಲಿ ಬಂದಿದ್ದ ಎರಡು ಸಾಲುಗಳು ಆ ಅಧ್ಯಾಪಕರು ಬೇರೊಬ್ಬರ ಮಾತನ್ನು ಖಂಡಿಸಲೆಂದು ಎತ್ತಿಕೊಂಡಿದ್ದವೆಂಬುದು ಏಳನೆಯ ಪುಟದಲ್ಲಿ ತಿಳಿಯಿತು. ಹಾಗೆಂದು ಲೇಖನ ನಿರ್ದೋಷವಾಗಿರಲಿಲ್ಲ. ಒಂದು ಶಾಸನದ ಕಾಲವನ್ನು ತಪ್ಪಾಗಿ ಕೊಟ್ಟಿದ್ದರು. ಒಂದು ಕಡೆ ಅವರ ಧಾಟಿ ಬೇಕೆಂದೇ ಚುಚ್ಚುವಂತಿತ್ತು. ಹುಡುಗರಲ್ಲಿ ಒಬ್ಬನಿಗೆ ಆ ಚುಚ್ಚುಮಾತಿನಿಂದ ನಿಜವಾಗಿಯೂ ಕಣ್ಣು ತುಂಬಿದುದನ್ನು ನಾನು ಕಂಡೆ. ಅವನ ನೋವು ಸುಳ್ಳೆಂದು ನಾನು ಹೇಳಲಿಲ್ಲ.

"ಹಂಗಾರ ಈಗೇನ ಮಾಡೂದು ಅಜ್ಜಾ?" ಎಂದ ಮೊಮ್ಮಗ.

"ಬರೀರಿ" ಎಂದೆ.

ನಾಲ್ವರೂ ಕೂಡಿ ಮೂರು ಪುಟಗಳ ಪ್ರತಿಕ್ರಿಯೆ ಬರೆದು ಆ ಪತ್ರಿಕೆಗೇ ಕಳುಹಿಸಿದರು. ಅದು ಪ್ರಕಟವಾಯಿತು. ಅಧ್ಯಾಪಕರು ಶಾಸನದ ಕಾಲದ ತಪ್ಪನ್ನು ಒಪ್ಪಿಕೊಂಡು, ಉಳಿದುದನ್ನು ಒಪ್ಪದೆ, ಮತ್ತೆ ಬರೆದಿದ್ದಾರೆ. ಹುಡುಗರು ಎರಡನೆಯ ಉತ್ತರಕ್ಕಾಗಿ ಈಗ ನನ್ನ ಕಪಾಟಿನಲ್ಲಿ ಹುಡುಕಾಡುತ್ತಿದ್ದಾರೆ. ಅವರಲ್ಲಿ ಇಬ್ಬರಿಗೆ ಇನ್ನೂ ನನ್ನ ಮೇಲೆ ಅಸಮಾಧಾನವಿದೆ. ಅಜ್ಜಾರು ಹೆದರಿದರು ಎಂದು ಹೊರಗೆ ಹೇಳಿದರೆಂದು ಕೇಳಿದ್ದೇನೆ. ಆ ಮನವಿಪತ್ರ ಸಹಿಯಿಲ್ಲದೆ ನನ್ನ ಬಳಿಯೇ ಉಳಿದಿದೆ.

ಕಳೆದ ತಿಂಗಳು ಹುಬ್ಬಳ್ಳಿಗೆ ಹೋಗಿದ್ದಾಗ ವಿಚಾರಿಸುತ್ತ ಹೋಗಿ ಬಳೆಗಾರ ಮಾಮಾನವರ ಮನೆಯನ್ನು ಕಂಡುಹಿಡಿದೆ. ಅವರಿಗೆ ಕಣ್ಣು ಮಂಜಾಗಿದೆ. ದನಿಯಿಂದಲೇ ನನ್ನನ್ನು ಗುರುತಿಸಿದರು. ಈ ಸಲ ಜಾತ್ರೆಗೆ ಬನ್ನಿರಿ, ಸಮಿತಿಯಲ್ಲಿ ನಾನೇ ಮಾತನಾಡುತ್ತೇನೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗ ಒಳಗಿನಿಂದ ಬಂದು, "ಇಲ್ಲೇ ಚಲೋ ಐತ್ರಿ ಸಾಹೇಬ್ರ" ಎಂದ. ಹೊರಡುವಾಗ ಮಾಮಾ ನನ್ನ ಶ್ರೀಮತಿಗೆಂದು ಒಂದು ಡಜನ್ ಹಸಿರು ಬಳೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಅಳತೆ ಅವರಿಗೆ ಇನ್ನೂ ನೆನಪಿತ್ತು.